ಮೊದಲ ಎಂಟು ದಿನ ಯಾರು ಜೊತೆಗಿದ್ದಾರೆ?

ಸಿಗರೇಟು ಬಿಟ್ಟ ಮೂರನೆಯ ದಿನ ಸಂಜೆ ನಾಲ್ಕೂವರೆಗೆ ನಾನು ಕಚೇರಿಯ ಹಿಂದಿನ ಟೀ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯ ಕಂಬಕ್ಕೆ ನೇತುಹಾಕಿದ ನಾರಿನ ಹಗ್ಗದ ತುದಿಯಲ್ಲಿ ಕಿಡಿ ಸಣ್ಣಗೆ ಉರಿಯುತ್ತಿತ್ತು. ಬೀಡಿ ಹೊತ್ತಿಸಿಕೊಳ್ಳುವವರಿಗಾಗಿ ಅಂಗಡಿಯವರು ದಿನವಿಡೀ ಆರದಂತೆ ಕಾಯುವ ಕಿಡಿ ಅದು. ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಜೇಬು ಖಾಲಿ. ಆದರೆ ಗಾಜಿನ ಭರಣಿಯ ಪಕ್ಕದಲ್ಲೇ ಬಿಡಿ ಸಿಗರೇಟಿನ ಪ್ಯಾಕು ಬಾಯಿ ತೆರೆದುಕೊಂಡು ಕೂತಿತ್ತು. ಆ ಹೊತ್ತಿಗೆ ಫೋನ್ ಬಂತು. ನನಗಿಂತ ಎರಡು ವರ್ಷ ಮೊದಲು ಸಿಗರೇಟು ಬಿಟ್ಟಿದ್ದ ಸಹೋದ್ಯೋಗಿ. "ಟೀ ಅಂಗಡಿ ಹತ್ರ ಇದ್ದೀಯ ಅಲ್ವಾ?" ಅಂದ. ಹೌದೆಂದೆ. "ಲೋಟ ಹಿಡ್ಕೊಂಡು ರಸ್ತೆಯ ಆ ಕಡೆಗೆ ಬಾ. ಐದು ನಿಮಿಷ ಮಾತಾಡೋಣ. ಮೂರನೇ ದಿನ ಹಿಂಗೇ ಇರತ್ತೆ ಕಣೋ, ನಂಗೂ ಹಿಂಗೇ ಆಗಿತ್ತು." ಆ ಐದು ನಿಮಿಷದಲ್ಲಿ ನಾವು ಏನು ಮಾತಾಡಿದೆವೋ ಈಗ ನೆನಪಿಲ್ಲ. ಟೀ ಮುಗಿಯಿತು, ತುಡಿತವೂ ಇಳಿಯಿತು. ಅದಾಗಿ ಹನ್ನೊಂದು ವರ್ಷ.

ಅದಕ್ಕೆ ಮೊದಲು ಎರಡು ಸಲ ಒಬ್ಬನೇ ಬಿಡಲು ಹೋಗಿ ಸೋತಿದ್ದೆ. ಎರಡೂ ಸಲ ಮನೆಯವರು ಹೇಳಿದ್ದು, ವೈದ್ಯರು ಹೇಳಿದ್ದು, ನಾನೇ ನನಗೆ ಹೇಳಿಕೊಂಡದ್ದು ಒಂದೇ ಮಾತು: ಮನಸ್ಸು ಗಟ್ಟಿ ಮಾಡು. ಸೋತಾಗ ಅದೇ ಮಾತು ತಿರುಗಿ ಬಂತು: ಮನಸ್ಸು ಗಟ್ಟಿ ಇರಲಿಲ್ಲ. ಮೂರನೆಯ ಸಲ ನನ್ನ ಮನಸ್ಸು ಮೊದಲಿಗಿಂತ ಗಟ್ಟಿಯಾಗಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಬೇರೆಯಾಗಿದ್ದದ್ದು ಆ ಫೋನು. ಇದು ನನ್ನೊಬ್ಬನ ಅನುಭವವೋ ಅಥವಾ ಇದರ ಹಿಂದೆ ಎಲ್ಲರಿಗೂ ಅನ್ವಯಿಸುವ ಸತ್ಯವಿದೆಯೋ ಎಂದು ಆಮೇಲೆ ಹುಡುಕತೊಡಗಿದೆ. ಓದಿ ತಿಳಿದದ್ದನ್ನೂ ಸುತ್ತಲಿನವರಲ್ಲಿ ಕಂಡದ್ದನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

2016-17ರಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 28.6ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಅಂದರೆ ಸುಮಾರು 26.7 ಕೋಟಿ ಜನ. ಕರ್ನಾಟಕದಲ್ಲಿ ಆ ಪ್ರಮಾಣ ಶೇ. 22.8. ಬೀಡಿ, ಸಿಗರೇಟು ಸೇದುವವರನ್ನಷ್ಟೇ ಎಣಿಸಿದರೆ ನಮ್ಮ ರಾಜ್ಯದಲ್ಲಿ ಶೇ. 8.8; ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಗಂಡಸರು. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಇನ್ನೊಂದು ಅಂಕಿ. ದೇಶದಲ್ಲಿ ಸೇದುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ, ಶೇ. 55.4, ಬಿಡಬೇಕೆಂದುಕೊಂಡಿದ್ದವರೇ. ಹಿಂದಿನ ಒಂದು ವರ್ಷದೊಳಗೆ ಬಿಡಲು ಪ್ರಯತ್ನಪಟ್ಟವರು ಶೇ. 38.5. ಹಾಗೆ ಪ್ರಯತ್ನಪಟ್ಟವರಲ್ಲಿ ಬಹುಪಾಲು ಜನರಿಗೆ ಔಷಧಿಯ ಆಸರೆ ಇರಲಿಲ್ಲ, ಸಲಹೆಗಾರರ ನೆರವೂ ಇರಲಿಲ್ಲ. ಸೇದುವವರಿಗೆ ಬಿಡುವ ಮನಸ್ಸಿಲ್ಲ ಎಂಬ ನಮ್ಮ ತಿಳಿವಳಿಕೆಯೇ ತಪ್ಪು. ಅವರಿಗೆ ಮನಸ್ಸಿದೆ, ಜೊತೆ ಇಲ್ಲ.

ಒಬ್ಬರೇ ಹೊರಟವರ ಗತಿ ಏನಾಗುತ್ತದೆ? ಯಾವ ನೆರವೂ ಇಲ್ಲದೆ ಬಿಡಲು ಹೊರಟವರನ್ನು ಹಿಂಬಾಲಿಸಿ ನೋಡಿದ ಅನೇಕ ಅಧ್ಯಯನಗಳನ್ನು ಜಾನ್ ಹ್ಯೂಸ್ ಮತ್ತು ಸಂಗಡಿಗರು 2004ರಲ್ಲಿ ಒಟ್ಟುಗೂಡಿಸಿದರು. ಆರು ತಿಂಗಳೋ ವರ್ಷವೋ ಕಳೆದ ಮೇಲೂ ಬಿಟ್ಟೇ ಉಳಿದವರು ನೂರಕ್ಕೆ ಮೂರರಿಂದ ಐದು ಮಂದಿ. ಮತ್ತೆ ಸೇದಿದವರಲ್ಲಿ ಹೆಚ್ಚಿನವರು ಮೊದಲ ಎಂಟು ದಿನಗಳೊಳಗೇ ಸೇದಿಬಿಟ್ಟಿದ್ದರು. ಈ ಎಂಟು ದಿನದ ಲೆಕ್ಕ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ನನ್ನ ಮೊದಲ ಪ್ರಯತ್ನ ಮುರಿದದ್ದು ಐದನೆಯ ದಿನ, ಎರಡನೆಯದು ಆರನೆಯ ದಿನ.

ಇದಕ್ಕೆ ದೇಹದೊಳಗೇ ಕಾರಣವಿದೆ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ, ಅಲ್ಲಿನ ಗ್ರಾಹಕಗಳಿಗೆ ಅಂಟಿಕೊಂಡು ಡೋಪಮೈನ್ ಹೊರಡಿಸುತ್ತದೆ. ವರ್ಷಗಟ್ಟಲೆ ಸೇದಿದವರ ಮಿದುಳಿನಲ್ಲಿ ಆ ಗ್ರಾಹಕಗಳ ಸಂಖ್ಯೆಯೇ ಹೆಚ್ಚಿರುತ್ತದೆ, ಅವೆಲ್ಲ ಹೊತ್ತುಹೊತ್ತಿಗೆ ಪಾಲು ಕೇಳುತ್ತವೆ. ಕೊಡುವುದನ್ನು ನಿಲ್ಲಿಸಿದಾಗ ಸಿಟ್ಟು, ಚಡಪಡಿಕೆ, ನಿದ್ದೆಗೇಡು. ಎರಡು ಮೂರನೆಯ ದಿನಕ್ಕೆ ಈ ಕಾಟ ತುದಿಗೇರಿ, ಮೂರು ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಒಂದೊಂದು ತುಡಿತದ ಆಯುಷ್ಯ ಮಾತ್ರ ಕೆಲವೇ ನಿಮಿಷ. ಸೇದಿದರೂ ಅದು ಹೋಗುತ್ತದೆ, ಸೇದದಿದ್ದರೂ ಹೋಗುತ್ತದೆ. ಈ ಮಾತನ್ನು ಕರಪತ್ರದಲ್ಲಿ ಓದಿದರೆ ನಂಬಿಕೆ ಬರುವುದಿಲ್ಲ. ಆ ನಿಮಿಷಗಳನ್ನು ದಾಟಿ ಬಂದವರು ಎದುರಿಗೆ ನಿಂತು ಹೇಳಿದರೆ ಬರುತ್ತದೆ.

ಮೊದಲ ಸಿಗರೇಟನ್ನು ಒಬ್ಬರೇ ಸೇದಿದವರು ಎಷ್ಟು ಮಂದಿ ಇದ್ದಾರು? ಹಾಸ್ಟೆಲಿನ ಮಹಡಿ, ಕಾಲೇಜಿನ ಹಿಂದಿನ ಕಾಂಪೌಂಡು, ಮದುವೆ ಮನೆಯ ಹಿತ್ತಿಲು, ಕಣದ ಕಾವಲಿನ ರಾತ್ರಿ. ಅಣ್ಣನೋ ಗೆಳೆಯನೋ ಅರ್ಧ ಸೇದಿ ಚಾಚಿದ್ದನ್ನು ತೆಗೆದುಕೊಂಡು ಕೆಮ್ಮಿದವರೇ ಎಲ್ಲ. "ಬೆಂಕಿ ಇದೆಯಾ?" ಎಂಬ ಎರಡು ಪದಕ್ಕೆ ಮುಖಪರಿಚಯವಿಲ್ಲದವರೂ ಬಸ್ ನಿಲ್ದಾಣದಲ್ಲಿ ನಿಂತು ಹತ್ತು ನಿಮಿಷ ಹರಟುತ್ತಾರೆ. ಕಚೇರಿಯ ಒಳಸುದ್ದಿ ಮೊದಲು ತಿಳಿಯುವುದು ಸೇದಲು ಹೊರಗೆ ಹೋಗುವ ಗುಂಪಿಗೆ. ಬಿಡುವವರು ಕಳೆದುಕೊಳ್ಳುವುದು ನಿಕೋಟಿನ್ ಒಂದನ್ನೇ ಅಲ್ಲ, ಆ ನಾಲ್ಕೂವರೆಯ ಗುಂಪನ್ನೂ. ಆ ಜಾಗವನ್ನು ತುಂಬಲು ಬೇರೆ ಮನುಷ್ಯರೇ ಬೇಕು.

ಇದನ್ನು ಅಂಕಿಗಳಲ್ಲಿ ತೋರಿಸಿದ್ದು 2008ರಲ್ಲಿ ಪ್ರಕಟವಾದ ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಅವರ ಅಧ್ಯಯನ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಹೃದಯರೋಗದ ಅಧ್ಯಯನ ನಡೆಯುತ್ತ ಬಂದಿದೆ. ಅದರಲ್ಲಿ ಪಾಲ್ಗೊಂಡವರ ಗಂಡ, ಹೆಂಡತಿ, ಒಡಹುಟ್ಟಿದವರು, ಗೆಳೆಯರು, ಸಹೋದ್ಯೋಗಿಗಳ ವಿವರಗಳೂ ದಾಖಲೆಯಲ್ಲಿದ್ದವು. ಇಬ್ಬರೂ 1971ರಿಂದ 2003ರವರೆಗಿನ 12,067 ಜನರ ಸಂಬಂಧಗಳ ಬಲೆಯನ್ನು ಬಿಡಿಸಿ ನೋಡಿದರು. ಗಂಡ ಅಥವಾ ಹೆಂಡತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಂಭವ ಶೇ. 67ರಷ್ಟು ಕಡಿಮೆಯಾಗಿತ್ತು. ಗೆಳೆಯರು ಬಿಟ್ಟರೆ ಶೇ. 36, ಸಣ್ಣ ಕಚೇರಿಯ ಸಹೋದ್ಯೋಗಿ ಬಿಟ್ಟರೆ ಶೇ. 34, ಒಡಹುಟ್ಟಿದವರು ಬಿಟ್ಟರೆ ಶೇ. 25. ಜನ ಒಬ್ಬೊಬ್ಬರಾಗಿ ಬಿಟ್ಟಿರಲಿಲ್ಲ. ಒಬ್ಬರಿಗೊಬ್ಬರು ಬೆಸೆದುಕೊಂಡ ಗುಂಪುಗಳು ಹೆಚ್ಚುಕಡಿಮೆ ಒಟ್ಟಿಗೇ ಬಿಟ್ಟಿದ್ದವು. ಸೇದುತ್ತಲೇ ಉಳಿದವರು ವರ್ಷ ಕಳೆದಂತೆ ಆ ಬಲೆಯ ಅಂಚಿಗೆ ಸರಿದಿದ್ದರು. ಒಂದೇ ಸ್ವಭಾವದವರು ಗೆಳೆಯರಾಗುವುದರಿಂದಲೂ ಹೀಗೆ ಕಾಣಬಹುದು, ಎಲ್ಲವನ್ನೂ ಪ್ರಭಾವ ಎನ್ನಲಾಗದು ಎಂದು ಟೀಕಿಸಿದವರಿದ್ದಾರೆ. ಆ ಟೀಕೆಯಲ್ಲಿ ಹುರುಳಿದೆ. ಹಾಗಾಗಿ ಇಂತಹ ಅವಲೋಕನ ಒಂದೇ ಸಾಲದು, ಪ್ರಯೋಗವೂ ಬೇಕು.

ಪ್ರಯೋಗಗಳೂ ನಡೆದಿವೆ. 1998ರಲ್ಲಿ ರಾಬರ್ಟ್ ವೆಸ್ಟ್ ಮತ್ತು ಸಂಗಡಿಗರು ಇಂಗ್ಲೆಂಡಿನ ಸಾಮಾನ್ಯ ವೈದ್ಯರ ಚಿಕಿತ್ಸಾಲಯವೊಂದರಲ್ಲಿ ಸಿಗರೇಟು ಬಿಡಲು ಬಂದವರನ್ನು ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ನರ್ಸ್ ಒಬ್ಬೊಬ್ಬರಾಗಿ ಸಲಹೆ ಕೊಟ್ಟರು. ಇನ್ನೊಂದು ಪಾಲಿನವರಿಗೂ ಅದೇ ಸಲಹೆ, ಆದರೆ ಅದೇ ಹೊತ್ತಿಗೆ ಬಿಡುತ್ತಿರುವ ಮತ್ತೊಬ್ಬರೊಡನೆ ಜೋಡಿ ಹಾಕಿದರು. ನಾಲ್ಕು ವಾರದ ಚಿಕಿತ್ಸೆ ಮುಗಿದಾಗ ಒಂಟಿಯಾಗಿದ್ದವರಲ್ಲಿ ಶೇ. 12 ಮಂದಿ ಸೇದದೆ ಉಳಿದಿದ್ದರು, ಜೋಡಿಯಾಗಿದ್ದವರಲ್ಲಿ ಶೇ. 27. ಔಷಧಿಯ ಖರ್ಚಿಲ್ಲ, ಹೊಸ ಯಂತ್ರವಿಲ್ಲ, ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಕೊಟ್ಟದ್ದಷ್ಟೇ. ಗುಂಪಿನಲ್ಲಿ ಕೂರಿಸಿ ಬಿಡಿಸುವ ಕ್ರಮದ ಬಗ್ಗೆ ಕಾಕ್ರೇನ್ ಸಂಸ್ಥೆ 2017ರಲ್ಲಿ 66 ಪ್ರಯೋಗಗಳನ್ನು ಪರಿಶೀಲಿಸಿತು. ಪುಸ್ತಕ, ಕರಪತ್ರ ಓದಿ ತಾವೇ ಬಿಡಲು ಹೋದವರಿಗಿಂತ ಗುಂಪಿನಲ್ಲಿದ್ದವರು ಯಶಸ್ವಿಯಾಗುವ ಸಾಧ್ಯತೆ ಶೇ. 88ರಷ್ಟು ಹೆಚ್ಚಿತ್ತು. ನುರಿತ ಸಲಹೆಗಾರರು ಒಬ್ಬೊಬ್ಬರೊಡನೆ ಅಷ್ಟೇ ಹೊತ್ತು ಕೂತು ಮಾತಾಡಿದರೆ ಅದಕ್ಕಿಂತ ಗುಂಪು ಮೇಲು ಎನ್ನಲು ಆಧಾರ ಸಿಗಲಿಲ್ಲ. ಇಂಗ್ಲೆಂಡಿನ ಸರ್ಕಾರಿ ಸೇವೆಯ ದಾಖಲೆಗಳಲ್ಲಿ ಮಾತ್ರ ಗುಂಪಿನವರೇ ಮುಂದಿದ್ದಾರೆ. ನುರಿತ ಸಲಹೆಗಾರರು ತಾಲ್ಲೂಕಿಗೊಬ್ಬರೂ ಸಿಗದ ನಮ್ಮಂತಹ ಕಡೆ ಈ ಚರ್ಚೆಗೆ ಉತ್ತರ ಸುಲಭ ಎಂದು ನನಗೆ ತೋರುತ್ತದೆ.

ಇನ್ನೊಂದು ಫಲಿತಾಂಶವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಗಂಡನ ಸಿಗರೇಟು ಬಿಡಿಸಲು ಹೆಂಡತಿಗೆ, ಮನೆಯವರಿಗೆ, ಆಪ್ತರಿಗೆ ತರಬೇತಿ ಕೊಟ್ಟರೆ ಏನಾಗುತ್ತದೆ ಎಂದು ನೋಡಿದ ಪ್ರಯೋಗಗಳೂ ಇವೆ. ಅವುಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯಲ್ಲಿ ಹೇಳಿಕೊಳ್ಳುವಂತಹ ಪ್ರಯೋಜನವೇ ಕಾಣಲಿಲ್ಲ. ಹೆಂಡತಿಯ ಪ್ರೀತಿ ಕಡಿಮೆ ಎಂದಲ್ಲ. ಆದರೆ ಬಿಡುತ್ತಿರುವ ಗಂಡನನ್ನು ಅವಳು ಹೊರಗಿನಿಂದ ನೋಡುತ್ತಾಳೆ. ಅವನ ಅಂಗಿ ಮೂಸುತ್ತಾಳೆ, ಹೊರಗೆ ಹೋಗಿ ಬಂದರೆ ಮುಖ ನೋಡುತ್ತಾಳೆ. ಅವನು ಸೋತರೆ ಮುಚ್ಚಿಡುತ್ತಾನೆ. ಬಿಟ್ಟ ಗೆಳೆಯನ ಮುಂದೆ ಮುಚ್ಚಿಡುವುದಿಲ್ಲ, ಯಾಕೆಂದರೆ ಅವನೂ ಹೀಗೇ ಮುಚ್ಚಿಟ್ಟಿದ್ದವನು, ಅವನಿಗೆ ಎಲ್ಲ ಗೊತ್ತು. ಫ್ರೇಮಿಂಗ್‌ಹ್ಯಾಮ್‌ನಲ್ಲಿ ಗಂಡ ಹೆಂಡಿರ ಪ್ರಭಾವ ಅಷ್ಟು ದೊಡ್ಡದಾಗಿ ಕಂಡದ್ದು ಒಬ್ಬರು ತಾವೇ ಬಿಟ್ಟಾಗ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಿಡು ಎನ್ನುವವರ ಮಾತಿಗಿಂತ ಬಿಟ್ಟವರ ಮಾತು ಒಳಗಿಳಿಯುತ್ತದೆ.

ಬಿಟ್ಟವರು ಏನು ಹೇಳುತ್ತಾರೆ? ವೈದ್ಯರು ಕ್ಯಾನ್ಸರ್ ಬಗ್ಗೆ, ಹೃದಯಾಘಾತದ ಬಗ್ಗೆ ಹೇಳುತ್ತಾರೆ. ಬಿಟ್ಟವರು ಬೆಳಿಗ್ಗೆ ಹೊಟ್ಟೆ ಕಟ್ಟಿಕೊಳ್ಳುವುದರ ಬಗ್ಗೆ ಹೇಳುತ್ತಾರೆ. ಒಂದು ಬೀಡಿ ಎಳೆಯದೆ ಕಕ್ಕಸಿಗೆ ಹೋಗಲಾಗದವರು ನಮ್ಮಲ್ಲಿ ಲಕ್ಷಗಟ್ಟಲೆ ಇದ್ದಾರೆ, ಅದನ್ನು ಯಾರೂ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಎದ್ದ ಕೂಡಲೇ ಎರಡು ಲೋಟ ಬಿಸಿನೀರು ಕುಡಿ, ಹತ್ತು ದಿನ ಕಾಯಿ, ಸರಿಹೋಗುತ್ತದೆ ಎಂದು ನನಗೆ ಹೇಳಿಕೊಟ್ಟವನು ಅದೇ ಸಹೋದ್ಯೋಗಿ. ಬಿಟ್ಟ ಮೇಲೆ ಬಾಯಲ್ಲಿ ಹುಣ್ಣಾಗುವುದು, ಕೆಮ್ಮು ಕಡಿಮೆಯಾಗುವ ಬದಲು ಕೆಲವು ದಿನ ಹೆಚ್ಚುವುದು, ಕನಸುಗಳು ಬಿರುಸಾಗುವುದು, ಕನಸಿನಲ್ಲಿ ಸೇದಿ ಬೆಳಿಗ್ಗೆ ಪಶ್ಚಾತ್ತಾಪಪಡುವುದು, ಊಟ ರುಚಿಸತೊಡಗಿ ಮೊದಲ ವರ್ಷ ನಾಲ್ಕೈದು ಕಿಲೋ ತೂಕ ಏರುವುದು. ಇವೆಲ್ಲ ಸಾಮಾನ್ಯ ಎಂದು ಮೊದಲೇ ಗೊತ್ತಿದ್ದವರು ಹೆದರುವುದಿಲ್ಲ. ಗೊತ್ತಿಲ್ಲದವರು ಬಾಯಿಹುಣ್ಣು ನೋಡಿ, "ಬಿಟ್ಟಿದ್ದಕ್ಕೇ ಹೀಗಾಯ್ತು, ನನ್ನ ಮೈಗೆ ಇದು ಆಗಿಬರಲ್ಲ" ಎಂದು ಮತ್ತೆ ಹೊತ್ತಿಸುತ್ತಾರೆ. ಹಾಗೆ ಹೇಳಿ ಹೊತ್ತಿಸಿದವರನ್ನು ನಾನೇ ಕಂಡಿದ್ದೇನೆ.

ಜೊತೆಯಾಗಿ ಬಿಡುವುದು ಹೊಸ ಯೋಚನೆಯೇನಲ್ಲ. 1960ರ ದಶಕದಲ್ಲಿ ಅಮೆರಿಕದ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಗಡದವರು ಐದು ಸಂಜೆಗಳ ಶಿಬಿರ ನಡೆಸುತ್ತಿದ್ದರು. ವೇದಿಕೆಯ ಮೇಲೆ ಒಬ್ಬ ವೈದ್ಯ, ಒಬ್ಬ ಪಾದ್ರಿ, ಕೆಳಗೆ ಒಟ್ಟಿಗೆ ಬಿಡಲು ಬಂದ ಜನ. 1974ರಲ್ಲಿ ಮಿನೆಸೋಟದ ಮಾಂಟಿಸೆಲೊ ಎಂಬ ಸಣ್ಣ ಊರಿನ ಪತ್ರಿಕಾ ಸಂಪಾದಕ ಲಿನ್ ಸ್ಮಿತ್ ಇಡೀ ಊರಿನವರು ಒಂದು ದಿನ ಸೇದದೆ ಇರೋಣ ಎಂದು ಕರೆಕೊಟ್ಟರು. ಆ ಕರೆ ಎರಡು ವರ್ಷಗಳಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವನ್ನೂ 1977ರಲ್ಲಿ ಇಡೀ ದೇಶವನ್ನೂ ಮುಟ್ಟಿತು. ಕುಡಿತ ಬಿಟ್ಟವರ ಸಂಘಟನೆಯಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು 1935ರಲ್ಲಿ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಬಿಲ್ ವಿಲ್ಸನ್, ಕುಡುಕನಿಗೆ ಇನ್ನೊಬ್ಬ ಕುಡುಕನೇ ಆಸರೆ ಎಂಬುದನ್ನು ಜಗತ್ತಿಗೆ ತೋರಿಸಿದವರು. ಅವರು ಹೆಂಡ ಬಿಟ್ಟರು, ಸಿಗರೇಟು ಅವರನ್ನು ಬಿಡಲಿಲ್ಲ. ಶ್ವಾಸಕೋಶದ ಎಂಫಿಸೆಮಾ ರೋಗದಿಂದ ನರಳಿ 1971ರಲ್ಲಿ ತೀರಿಕೊಂಡರು. ಅದೇ ಮಾದರಿಯಲ್ಲಿ ಸಿಗರೇಟು ಬಿಡುವವರ ಸಂಘಟನೆ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದದ್ದು 1980ರ ದಶಕದಲ್ಲಿ, ವಿಲ್ಸನ್ ಸತ್ತು ಹತ್ತು ವರ್ಷಗಳಾದ ಮೇಲೆ. ಕುಡಿತಕ್ಕೆ ಕೂಟ ಬೇಕು, ಸಿಗರೇಟಿಗೆ ಮನಸ್ಸು ಸಾಕು ಎಂಬ ಎಣಿಕೆ ಎಲ್ಲ ಕಡೆಯೂ ಇತ್ತು.

ನಮ್ಮಲ್ಲಿ ಅದು ಇಂದಿಗೂ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳನ್ನು ಕರ್ನಾಟಕದ ಹಳ್ಳಿಹಳ್ಳಿ ಬಲ್ಲದು. ಊರಿನ ಸಭಾಭವನದಲ್ಲೋ ಶಾಲೆಯಲ್ಲೋ ವಾರದ ಮಟ್ಟಿಗೆ ಕುಡಿತದವರು ಒಟ್ಟಿಗೆ ಉಳಿಯುತ್ತಾರೆ. ಊರವರೇ ಅಕ್ಕಿ, ಕಾಯಿ, ತರಕಾರಿ ಹೊಂದಿಸುತ್ತಾರೆ. ಕೊನೆಯ ದಿನ ಹೆಂಡತಿ ಮಕ್ಕಳು ಬರುತ್ತಾರೆ. ಶಿಬಿರದ ನಿಜವಾದ ಬಲವಿರುವುದು ಅದು ಮುಗಿದ ಮೇಲೆ: ಬಿಟ್ಟವರೇ ಸೇರಿ ನವಜೀವನ ಸಮಿತಿ ಕಟ್ಟಿಕೊಳ್ಳುತ್ತಾರೆ, ಸಭೆ ಸೇರುತ್ತಾರೆ, ಜಾರಿದವರ ಮನೆಗೆ ಹೋಗಿ ಕರೆದುಕೊಂಡು ಬರುತ್ತಾರೆ. ಹೀಗೆ ಬಿಟ್ಟವರು ಬಿಡುವವರ ಕೈ ಹಿಡಿಯುವ ವಿದ್ಯೆ ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಬರುತ್ತದೆ. ಬೀಡಿಗೆ ಅದನ್ನು ಬಳಸಿಲ್ಲ, ಅಷ್ಟೇ. ಬೀಡಿ ಮನೆ ಮುರಿಯುವುದಿಲ್ಲ, ಬೀದಿಯಲ್ಲಿ ಬೀಳಿಸುವುದಿಲ್ಲ, ಹೆಂಡತಿಗೆ ಹೊಡೆಸುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಕಾದು ಕೊಲ್ಲುತ್ತದೆ. ಅದಕ್ಕೇ ಅದಕ್ಕೊಂದು ಶಿಬಿರ ಬೇಕೆಂದು ಯಾರಿಗೂ ತೋಚಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಅಯ್ಯಪ್ಪ ಮಾಲೆ. ನಮ್ಮ ಬೀದಿಯ ಆಟೋ ನಿಲ್ದಾಣದಲ್ಲಿ ವರ್ಷವೂ ನೋಡುತ್ತೇನೆ. ಕಾರ್ತಿಕ ಕಳೆಯುತ್ತಿದ್ದಂತೆ ಏಳೆಂಟು ಚಾಲಕರು ಒಟ್ಟಿಗೆ ಮಾಲೆ ಹಾಕುತ್ತಾರೆ. ಹಿಂದಿನ ದಿನದವರೆಗೆ ದಿನಕ್ಕೊಂದು ಪ್ಯಾಕು ಸುಡುತ್ತಿದ್ದವರು 41 ದಿನ ಮುಟ್ಟುವುದಿಲ್ಲ. ಗುರುಸ್ವಾಮಿ ಇರುತ್ತಾರೆ, ಹತ್ತಾರು ಸಲ ವ್ರತ ಮಾಡಿದವರು. ಬೆಳಗಿನ ತಣ್ಣೀರ ಸ್ನಾನ ಒಟ್ಟಿಗೆ, ಸಂಜೆಯ ಭಜನೆ ಒಟ್ಟಿಗೆ. ಒಬ್ಬರನ್ನೊಬ್ಬರು ಸ್ವಾಮಿ ಎಂದೇ ಕರೆಯುತ್ತಾರೆ; ಸೇದುವ ಗೆಳೆಯರೂ ಅವರ ಮುಂದೆ ಹೊತ್ತಿಸಲು ಹಿಂಜರಿಯುತ್ತಾರೆ. ನಿಕೋಟಿನ್ನಿನ ದೈಹಿಕ ಕಾಟ ಮೂರು ನಾಲ್ಕು ವಾರದಲ್ಲಿ ಮುಗಿಯುತ್ತದೆ ಎಂದು ಆಗಲೇ ಹೇಳಿದೆ. ಅಂದರೆ ಶಬರಿಮಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಇವರ ಮೈ ತಂಬಾಕನ್ನು ಪೂರಾ ಬಿಟ್ಟಾಗಿರುತ್ತದೆ. ಮಾಲೆ ತೆಗೆದ ಮರುದಿನ ಏಳರಲ್ಲಿ ಐವರು ಮತ್ತೆ ಸೇದುತ್ತಿರುತ್ತಾರೆ. ಮೈ ಕೇಳಿದ್ದಕ್ಕಲ್ಲ, ಗುಂಪು ಚದುರಿದ್ದಕ್ಕೆ. ಸ್ವಾಮಿ ಎನ್ನುವುದು ನಿಂತಿತು, ಸಂಜೆಯ ಭಜನೆ ನಿಂತಿತು, ಹಳೆಯ ಟೀ ಅಂಗಡಿ ಹಾಗೇ ಇತ್ತು. ಆ ನಲವತ್ತೆರಡನೆಯ ದಿನ ಗುರುಸ್ವಾಮಿ ಅವರನ್ನು ಕೂರಿಸಿಕೊಂಡು, ಮುಂದಿನ ಮಾಲೆಯವರೆಗೂ ಹೀಗೇ ಇರೋಣ, ದಿನಾ ಒಮ್ಮೆ ಸಿಗೋಣ ಎಂದರೆ? ಇದಕ್ಕಿಂತ ಹದವಾದ ನೆಲ ಬೇರೆ ಯಾವ ಕಾರ್ಯಕ್ರಮಕ್ಕೂ ಸಿಗಲಾರದು. ಆರೋಗ್ಯ ಇಲಾಖೆಯವರು ಈ ದಿಕ್ಕಿನಲ್ಲಿ ಒಮ್ಮೆಯಾದರೂ ಯೋಚಿಸಲಿ ಎಂದು ಮನಸಾರೆ ಕೇಳುತ್ತೇನೆ. ರಂಜಾನ್ ತಿಂಗಳ ಉಪವಾಸದಲ್ಲೂ ಇಂಥದೇ ಬಾಗಿಲು ತೆರೆದಿರುತ್ತದೆ.

ಜೊತೆಯಾಗಿ ಬಿಡುವುದರಲ್ಲಿ ಅಪಾಯವೂ ಇದೆ, ಅದನ್ನು ಹೇಳದಿದ್ದರೆ ತಪ್ಪಾದೀತು. ನನ್ನ ಜೊತೆ ಇನ್ನೂ ಮೂವರು ಬಿಟ್ಟಿದ್ದರು. ಎರಡನೆಯ ತಿಂಗಳಲ್ಲಿ ಒಬ್ಬ ಮದುವೆ ಮನೆಯಲ್ಲಿ ಸೇದಿದ. ಅವನು ನಮ್ಮೆಲ್ಲರಿಗಿಂತ ಗಟ್ಟಿಗ ಎಂದುಕೊಂಡಿದ್ದೆವು. ವಾರದೊಳಗೆ ಇನ್ನೊಬ್ಬನೂ ಜಾರಿದ. ಒಟ್ಟಿಗೆ ಕಟ್ಟಿಕೊಂಡವರಲ್ಲಿ ಒಬ್ಬರು ಬಿದ್ದರೆ ಇನ್ನೊಬ್ಬರನ್ನೂ ಎಳೆದುಕೊಂಡು ಹೋಗುತ್ತಾರೆ. ಹಾಗಾಗಿ ಗುಂಪಿನಲ್ಲಿ ಬಿಟ್ಟು ವರ್ಷಗಳಾದವರು ಒಬ್ಬರಾದರೂ ಇರಬೇಕು. ಎಲ್ಲರೂ ಹೊಸಬರಾದರೆ ಬುಡ ಗಟ್ಟಿ ಇರುವುದಿಲ್ಲ. ಜಾರಿದವರನ್ನು ಹಂಗಿಸಬಾರದು. ಸೋತ ಪ್ರಯತ್ನವೂ ಪ್ರಯತ್ನವೇ. ಮದುವೆ ಮನೆಯಲ್ಲಿ ಸೇದಿದ ಆ ಗೆಳೆಯ ಮರುವರ್ಷ ಮತ್ತೆ ಬಿಟ್ಟ, ಈಗಲೂ ಮುಟ್ಟಿಲ್ಲ. ಇನ್ನು ದಿನಕ್ಕೆ ಹತ್ತಿಪ್ಪತ್ತು ಸೇದುವವರಿಗೆ ಗೆಳೆಯರ ಮಾತೊಂದೇ ಸಾಲದಿರಬಹುದು. ನಿಕೋಟಿನ್ ಗಮ್ ಇದೆ, ವೈದ್ಯರು ಬರೆದುಕೊಡುವ ಮಾತ್ರೆಗಳಿವೆ. ಔಷಧಿ ತೆಗೆದುಕೊಂಡರೆ ಗಂಡಸುತನಕ್ಕೆ ಕಮ್ಮಿ ಎಂಬಂತೆ ಆಡುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಗಮ್ಮೂ ಬೇಕು, ಗೆಳೆಯನೂ ಬೇಕು.

ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. 2002ರಲ್ಲಿ ದೇಶದಲ್ಲಿ 13 ತಂಬಾಕು ವರ್ಜನ ಚಿಕಿತ್ಸಾಲಯಗಳು ಆರಂಭವಾದಾಗ ಬೆಂಗಳೂರಿನ ನಿಮ್ಹಾನ್ಸ್ ಅವುಗಳಲ್ಲೊಂದಾಗಿತ್ತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದಕ್ಕೆ ನಿಷೇಧವಿದೆ. 2016ರಿಂದ ಪ್ಯಾಕಿನ ಶೇ. 85 ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಇದೆ, 2018ರಿಂದ ಅದರ ಮೇಲೆ ಸಹಾಯವಾಣಿಯ ಸಂಖ್ಯೆಯೂ ಇದೆ: 1800-11-2356. ಉಚಿತ ಕರೆ, ಕನ್ನಡದಲ್ಲೂ ಮಾತಾಡುತ್ತಾರೆ. ದಿನಕ್ಕೆ ಹತ್ತು ಸಲ ಆ ಪ್ಯಾಕನ್ನು ಕೈಯಲ್ಲಿ ಹಿಡಿಯುವ ಎಷ್ಟೋ ಮಂದಿ ಆ ಸಂಖ್ಯೆಯನ್ನು ಒಮ್ಮೆಯೂ ಓದಿಲ್ಲ ಎಂಬುದು ನನಗೆ ತುಂಬ ನೋವಿನ ಸಂಗತಿ.

ಬಿಡುವುದರಿಂದ ಸಿಗುವುದೇನು ಎಂಬುದಕ್ಕೆ ಅತಿ ದೀರ್ಘ ಸಾಕ್ಷಿ ಬ್ರಿಟಿಷ್ ವೈದ್ಯರದ್ದು. ರಿಚರ್ಡ್ ಡಾಲ್ 1950ರಲ್ಲಿ ಬ್ರ್ಯಾಡ್‌ಫರ್ಡ್ ಹಿಲ್ ಜೊತೆಗೂಡಿ ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ತೋರಿಸಿದರು. ಆ ಅಂಕಿಗಳನ್ನು ಕಂಡು ತಾವೇ ಸಿಗರೇಟು ಬಿಟ್ಟರು. 1951ರಲ್ಲಿ ಅವರು ಆರಂಭಿಸಿದ ವೈದ್ಯರ ಅಧ್ಯಯನ ಐವತ್ತು ವರ್ಷ ನಡೆಯಿತು. 2004ರಲ್ಲಿ ಬಂದ ಅದರ ಲೆಕ್ಕ ಹೀಗಿದೆ: ಬಿಡದೆ ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾರೆ, ಅರವತ್ತರಲ್ಲಿ ಬಿಟ್ಟರೆ ಮೂರು ವರ್ಷ, ಐವತ್ತರಲ್ಲಿ ಬಿಟ್ಟರೆ ಆರು, ನಲವತ್ತರಲ್ಲಿ ಬಿಟ್ಟರೆ ಒಂಬತ್ತು, ಮೂವತ್ತರಲ್ಲಿ ಬಿಟ್ಟರೆ ಹೆಚ್ಚುಕಡಿಮೆ ಹತ್ತಕ್ಕೆ ಹತ್ತೂ ತಿರುಗಿ ಸಿಗುತ್ತವೆ. ಈಗ ಬಿಟ್ಟು ಏನು ಪ್ರಯೋಜನ ಎನ್ನುವ ಅರವತ್ತರ ಹಿರಿಯರಿಗೆ ಆ ಮೂರು ವರ್ಷದ ಮಾತು ಹೇಳಿ. ಮೊಮ್ಮಗು ಹುಟ್ಟಿ ಶಾಲೆಗೆ ಸೇರುವಷ್ಟು ಕಾಲ ಅದು.

ಈ ಬರಹವನ್ನು ಇನ್ನೂ ಸೇದುತ್ತಿರುವವರಿಗಿಂತ ಹೆಚ್ಚಾಗಿ ಈಗಾಗಲೇ ಬಿಟ್ಟವರಿಗೆ ಬರೆದಿದ್ದೇನೆ. ನೀವು ಬಿಟ್ಟು ಒಂದು ವರ್ಷವಾಗಿರಬಹುದು, ಇಪ್ಪತ್ತು ವರ್ಷವಾಗಿರಬಹುದು. ನಿಮ್ಮ ಜೊತೆ ಸೇದುತ್ತಿದ್ದ, ಈಗಲೂ ಸೇದುತ್ತಿರುವ ಒಬ್ಬರ ಮುಖ ಇದನ್ನು ಓದುವಾಗ ನಿಮ್ಮ ಕಣ್ಣಮುಂದೆ ಬಂದೇ ಇರುತ್ತದೆ. ಅವರಿಗೆ ಬುದ್ಧಿ ಹೇಳಬೇಡಿ. ಯಾವತ್ತಾದರೂ ಬಿಡುವುದಾದರೆ ಮೊದಲೇ ತಿಳಿಸು, ಆ ಎಂಟು ದಿನ ಸಂಜೆ ಸಂಜೆ ನಾನು ಫೋನ್ ಮಾಡುತ್ತೇನೆ ಎಂದಷ್ಟೇ ಹೇಳಿ. ಅವರು ತಿಳಿಸಿದ ದಿನ ಫೋನ್ ಮಾಡಿ.